ಒಂದೇ ಹೆಸರಿನ ಹಲವು ಅಂಗಡಿಗಳು: ದಕ್ಷಿಣ ಬೆಂಗಳೂರಿನಲ್ಲಿ ತಗಡಿನ ಬೋರ್ಡಿನಿಂದ ಜಾಲತಾಣದವರೆಗೆ

ದಕ್ಷಿಣ ಬೆಂಗಳೂರಿನ ಸಣ್ಣ ವ್ಯಾಪಾರಿಗಳು ಅಂಗಡಿಗೆ ಹೆಸರಿಟ್ಟ ರೀತಿ, ಆ ಹೆಸರನ್ನು ಬೋರ್ಡಿನ ಮೇಲೆ ಬರೆಸಿದ ರೀತಿ, ಮುಂದೆ ಅದನ್ನೇ ಅಂತರಜಾಲಕ್ಕೆ ಒಯ್ದ ರೀತಿ, ಈ ಮೂರೂ ಒಂದೇ ಚರಿತ್ರೆಯ ಭಾಗಗಳು. ಕಡಿಮೆ ಬಂಡವಾಳದ ವ್ಯಾಪಾರಿಗೆ ಜಾಲತಾಣವೂ ಲಾಂಛನವೂ ತೊಡಕಿನ ವಿಷಯಗಳಾದದ್ದಕ್ಕೆ ಹಣದ ಕೊರತೆಯನ್ನು ಕಾರಣವಾಗಿ ಹೇಳುವುದು ವಾಡಿಕೆಯಾದರೂ, ಅದಕ್ಕಿಂತ ಆಳದ ಕಾರಣವೊಂದು ಈ ಚರಿತ್ರೆಯಲ್ಲಿ ಕಾಣಸಿಗುತ್ತದೆ: ಬೀದಿಯಲ್ಲಿ ಒಂದೇ ಹೆಸರನ್ನು ಹತ್ತಾರು ಅಂಗಡಿಗಳು ಹಂಚಿಕೊಂಡು ಬಾಳಬಹುದಾಗಿತ್ತು, ಜಾಲದಲ್ಲಿ ಅದು ಸಾಧ್ಯವಾಗಲಿಲ್ಲ.

ಹೀಗೆ ಹೆಸರು ಹಂಚಿಕೊಳ್ಳುವುದರ ಮೂಲ ಬಡಾವಣೆಗಳ ರಚನೆಯಲ್ಲೇ ಇದೆ. 1898ರ ಪ್ಲೇಗಿನ ಬಳಿಕ ಬೆಳೆದ ಬಸವನಗುಡಿಯ ದಕ್ಷಿಣಕ್ಕೆ, 1945ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿಯ ಕಾಲದಲ್ಲಿ, 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಿತು. 1976ರಲ್ಲಿ ಆ ಮಂಡಳಿಯ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಲದಲ್ಲಿ ಬನಶಂಕರಿಯ ಹೊಸ ಹಂತಗಳು, ಜಯಪ್ರಕಾಶ ನಾರಾಯಣರ ಹೆಸರು ಹೊತ್ತ ಜೆ.ಪಿ. ನಗರ, ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳಿಂದ ಹೆಸರು ಪಡೆದ ಬಿ.ಟಿ.ಎಂ. ಲೇಔಟ್ ವಿಸ್ತರಿಸಿದವು. ಬ್ಲಾಕು, ಮೇನು, ಕ್ರಾಸು ಎಂದು ಅಂಕಿಗಳಲ್ಲಿ ವಿಂಗಡವಾದ ಈ ಬಡಾವಣೆಗಳಲ್ಲಿ ಅಂಗಡಿಯ ಗುರುತನ್ನು ವಿಳಾಸವೇ ಹೊರುತ್ತಿತ್ತು. ‘ಹತ್ತನೇ ಮೇನಿನ ಬೇಕರಿ’ ಎಂದರೆ ನೆರೆಹೊರೆಗೆ ಸಾಕಾಗುತ್ತಿದ್ದುದರಿಂದ, ಹೆಸರು ಆ ಕ್ರಾಸಿನೊಳಗೆ ಬೇರೆಯಾಗಿದ್ದರೆ ಸಾಕು, ಇಡೀ ನಗರದಲ್ಲಿ ಬೇರೆಯಾಗಿರಬೇಕೆಂಬ ಒತ್ತಾಯವಿರಲಿಲ್ಲ.

ಹೀಗಾಗಿ ಹೆಸರುಗಳು ಸಮುದಾಯದ ಆಸ್ತಿಯಂತೆ ಬಳಕೆಯಾದವು. 1898ರಲ್ಲಿ ಚಿಕ್ಕಪೇಟೆಯಲ್ಲಿ ಆರಂಭವಾದ ಬಿ.ಬಿ. ಬೇಕರಿಯ ಹಾದಿಯಲ್ಲಿ, ಹಾಸನದ ಸೀಮೆಯಿಂದ ಬಂದ ಅಯ್ಯಂಗಾರ್ ಕುಟುಂಬಗಳು ಬೆಂಗಳೂರಿನುದ್ದಕ್ಕೂ ತೆರೆದ ಅಂಗಡಿಗಳೆಲ್ಲ ‘ಅಯ್ಯಂಗಾರ್ ಬೇಕರಿ’ ಎಂಬ ಒಂದೇ ಮಾತನ್ನು ಬೋರ್ಡಿನ ಮೇಲೆ ಬರೆಸಿದವು. ಆ ಮಾತು ಯಾವೊಬ್ಬ ಮಾಲೀಕನದೂ ಆಗದೆ, ಖಾರಾ ಬನ್ನು, ದಿಲ್‌ಪಸಂದ್, ಮೊಟ್ಟೆಯಿಲ್ಲದ ಕೇಕುಗಳ ಒಂದು ಭರವಸೆಯಾಗಿ ನಿಂತಿತು. ಶ್ರೀ ಲಕ್ಷ್ಮೀ ವೆಂಕಟೇಶ್ವರ, ಶ್ರೀ ಮಂಜುನಾಥ, ಶ್ರೀ ರಾಘವೇಂದ್ರ ಮುಂತಾದ ದೇವರ ಹೆಸರುಗಳೂ ಹೀಗೆಯೇ ಪ್ರಾವಿಷನ್ ಸ್ಟೋರಿನಿಂದ ಹಾರ್ಡ್‌ವೇರ್ ಅಂಗಡಿಯವರೆಗೆ ಹರಡಿದವು. ಇದರ ಅತ್ಯಂತ ಗಮನಾರ್ಹ ಉದಾಹರಣೆ ಜಯನಗರದ್ದೇ ಆಗಿದೆ. ನಿಂತುಕೊಂಡು ತಿನ್ನುವ, ಅಡುಗೆಮನೆ ಗಿರಾಕಿಯ ಕಣ್ಣಿಗೆ ಕಾಣುವ, ಮೊದಲು ಚೀಟಿ ಪಡೆದು ಆಮೇಲೆ ತಿಂಡಿ ಪಡೆಯುವ ಹೋಟೆಲಿನ ಮಾದರಿಯನ್ನು ರೂಪಿಸಿದ ಆರ್. ಪ್ರಭಾಕರ್ ಅವರ ‘ಕೆಫೆ ದರ್ಶಿನಿ’ 1983ರಲ್ಲಿ ಇಲ್ಲಿ ಆರಂಭವಾಯಿತು. ಒಂದು ಹೋಟೆಲಿನ ಅಂಕಿತನಾಮವಾಗಿದ್ದ ‘ದರ್ಶಿನಿ’ ಬಹು ಬೇಗ ಆ ಬಗೆಯ ಹೋಟೆಲುಗಳಿಗೆಲ್ಲ ರೂಢನಾಮವಾಗಿ, ಊರಿನ ನುಡಿಗೇ ಸೇರಿಹೋಯಿತು. ಅಂಕಿತನಾಮ ರೂಢನಾಮವಾಗುವುದನ್ನು ಇಂದಿನ ವ್ಯಾಪಾರಶಾಸ್ತ್ರ ನಷ್ಟವೆಂದು ಎಣಿಸುತ್ತದೆ; ಆದರೆ ಅಗ್ಗದ ತಿಂಡಿಯನ್ನು ಇಡೀ ನಗರಕ್ಕೆ ಹಂಚಿದ ಒಂದು ಮಾದರಿಯ ದೃಷ್ಟಿಯಿಂದ ನೋಡಿದರೆ ಅದಕ್ಕಿಂತ ದೊಡ್ಡ ಗೆಲುವನ್ನು ಊಹಿಸುವುದು ಕಷ್ಟ.

ಲಾಂಛನ, ಅಂದರೆ ಹೆಸರನ್ನು ಓದದೆಯೇ ಗುರುತು ಹಿಡಿಯಲು ನೆರವಾಗುವ ಚಿತ್ರ, ಆ ಕಾಲದಲ್ಲಿ ದೊಡ್ಡ ಸಂಸ್ಥೆಗಳ ಸೊತ್ತಾಗಿತ್ತು. ಆನೆಯ ತಲೆ, ಸಿಂಹದ ಮೈಯುಳ್ಳ ಶರಭವನ್ನು ಮೈಸೂರು ಸ್ಯಾಂಡಲ್ ಸಾಬೂನಿನ ಗುರುತಾಗಿಸಲು ಸಂಸ್ಥಾನದ ಕಾರ್ಖಾನೆಯೂ ಎಸ್.ಜಿ. ಶಾಸ್ತ್ರಿಯವರಂಥ ತಜ್ಞರೂ ಬೇಕಾದರು. ಬಡಾವಣೆಯ ಅಂಗಡಿಗೆ ಲಾಂಛನವೆಂದು ಬೇರೆ ಇರಲಿಲ್ಲ. ಬೋರ್ಡು ಬರೆಯುವವನ ಕೈಬರಹವೇ ಅದರ ಲಾಂಛನವಾಗಿತ್ತು.

ಆ ಕೈಬರಹದ ಕಸುಬಿಗೆ ಸಲ್ಲಬೇಕಾದಷ್ಟು ಗೌರವ ಇನ್ನೂ ಸಂದಿಲ್ಲ. ಮರದ ಚೌಕಟ್ಟಿಗೆ ಬಡಿದ ತಗಡಿಗೆ ಎನಾಮಲ್ ಬಣ್ಣದ ಹಿನ್ನೆಲೆ ಕೊಟ್ಟು ಒಣಗಿಸಿ, ಸುಣ್ಣದ ಪುಡಿ ಸವರಿದ ದಾರವನ್ನು ಎರಡು ಬದಿಗೆ ಬಿಗಿಹಿಡಿದು ಮೀಟಿ ಗೆರೆ ಮೂಡಿಸಿ, ಸೀಮೆಸುಣ್ಣದಲ್ಲಿ ಅಕ್ಷರದ ಅಂದಾಜು ಹಾಕಿಕೊಂಡು, ಕೈ ಅಲುಗದಂತೆ ಕೋಲಿನ ಮೇಲೆ ಮಣಿಕಟ್ಟನ್ನೂರಿ ಪೇಂಟರ್ ಬರೆಯುತ್ತಿದ್ದನು. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಸಮಾನಾಂತರ ಗೆರೆಗಳ ನಡುವೆ ಅಚ್ಚುಕಟ್ಟಾಗಿ ಕುಳಿತುಕೊಳ್ಳುತ್ತವೆ. ಕನ್ನಡಕ್ಕೆ ಆ ಅನುಕೂಲವಿಲ್ಲ. ‘ಸ್ಟೋರ್ಸ್’ ಎಂಬ ಒಂದೇ ಪದವನ್ನು ತೆಗೆದುಕೊಂಡರೂ, ಸಕಾರದ ಅಡಿಯಲ್ಲಿ ಟಕಾರದ ಒತ್ತು, ಮೇಲೆ ಓಕಾರದ ಸುಳಿ, ಬಲಕ್ಕೆ ದೀರ್ಘದ ಗುರುತು, ಕೊನೆಯಲ್ಲಿ ಅರ್ಕಾವತ್ತು ಹೀಗೆ ನಾಲ್ಕು ದಿಕ್ಕಿಗೂ ಜಾಗ ಬೇಕಾಗುತ್ತದೆ. ಒತ್ತಕ್ಷರಕ್ಕೆಂದು ಕೆಳಗೆ ಜಾಗ ಬಿಟ್ಟರೆ ಮೂಲಾಕ್ಷರ ಕಿರಿದಾಗುತ್ತದೆ, ಬಿಡದಿದ್ದರೆ ಒತ್ತು ಚೌಕಟ್ಟಿಗೆ ತಾಗುತ್ತದೆ. ಇದನ್ನು ಬಗೆಹರಿಸಲು ಪೇಂಟರುಗಳು ತಲೆಕಟ್ಟನ್ನು ಉದ್ದಕ್ಕೆಳೆದು ಪಕ್ಕದ ಅಕ್ಷರಕ್ಕೆ ಕೂಡಿಸುವುದು, ಒತ್ತನ್ನು ಅಕ್ಷರದ ಹೊಟ್ಟೆಯೊಳಕ್ಕೆ ಸರಿಸುವುದು, ಬಲಬದಿಗೆ ಕಪ್ಪು ಶೇಡ್ ಕೊಟ್ಟು ಅಕ್ಷರಕ್ಕೆ ದಪ್ಪ ತರುವುದು ಮೊದಲಾದ ಉಪಾಯಗಳನ್ನು ಹೂಡುತ್ತಿದ್ದರು. ಹೆಸರು ಅದೇ ಆಗಿದ್ದರೂ ಒಂದು ಬೋರ್ಡು ಇನ್ನೊಂದರಂತೆ ಕಾಣದಿದ್ದುದು ಇದರಿಂದಲೇ. ಬೋರ್ಡಿನ ಕೆಳಮೂಲೆಯಲ್ಲಿ ‘ಆರ್ಟ್ಸ್’ ಎಂದು ಮುಗಿಯುವ ಸಣ್ಣ ಅಂಕಿತವೊಂದಿರುತ್ತಿತ್ತು; ಪೇಂಟರನಿಗೆ ಅದೇ ಸಹಿ, ಅದೇ ಜಾಹೀರಾತು.

ಗಣಕಯಂತ್ರ ಈ ಕಸುಬನ್ನು ಎರಡು ಹಂತಗಳಲ್ಲಿ ಬದಲಿಸಿತು. ಮೊದಲನೆಯದು ಡಿ.ಟಿ.ಪಿ., ಅಂದರೆ ಅಚ್ಚುಮೊಳೆಗಳಿಲ್ಲದೆ ಪರದೆಯ ಮೇಲೆಯೇ ಪುಟ ಕಟ್ಟುವ ವಿಧಾನ. ಕೆ.ಪಿ. ರಾವ್ ಅವರು ರೂಪಿಸಿದ ಧ್ವನ್ಯಾಧಾರಿತ ಕೀಲಿಮಣೆಯ ತರ್ಕ, 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳಿಂದಾಗಿ ಜೆರಾಕ್ಸ್ ಅಂಗಡಿಯ ಮೂಲೆಯಲ್ಲೂ ಕನ್ನಡದ ವಿಸಿಟಿಂಗ್ ಕಾರ್ಡ್ ಸಿದ್ಧವಾಗತೊಡಗಿತು. ಎರಡನೆಯದು ಫ್ಲೆಕ್ಸ್, ಅಂದರೆ ಪ್ಲಾಸ್ಟಿಕ್ ಹಾಳೆಯ ಮೇಲೆ ಯಂತ್ರವು ನೇರವಾಗಿ ಬಣ್ಣ ಚಿಮ್ಮಿಸುವ ಮುದ್ರಣ. ಚದರಡಿಯ ಲೆಕ್ಕದಲ್ಲಿ ಒಂದೇ ದಿನದೊಳಗೆ ಬೋರ್ಡು ಕೈಸೇರುವಂತಾದಾಗ ಬಣ್ಣ ಒಣಗುವವರೆಗೆ ಕಾಯುವ ವ್ಯಾಪಾರಿ ವಿರಳನಾದನು. ಆದರೆ ಫ್ಲೆಕ್ಸಿನಲ್ಲಿ ಸಿದ್ಧ ಅಕ್ಷರಗಳನ್ನು ಬೋರ್ಡಿನ ಅಳತೆಗೆ ಅಡ್ಡಕ್ಕೂ ಉದ್ದಕ್ಕೂ ಎಳೆದು ಕೂರಿಸಿದ್ದರಿಂದ ಕನ್ನಡದ ದುಂಡು ಚಪ್ಪಟೆಯಾಯಿತು. ಎಲ್ಲ ಅಂಗಡಿಗಳೂ ಒಂದೇ ಅಕ್ಷರವಿನ್ಯಾಸವನ್ನು ಬಳಸಿದ್ದರಿಂದ, ಹಂಚಿಕೊಂಡ ಹೆಸರುಗಳ ನಡುವೆ ಕೈಬರಹ ಉಳಿಸಿಕೊಂಡಿದ್ದ ಭೇದವೂ ಅಳಿಸಿತು. ಈ ಚರಿತ್ರೆಯಲ್ಲಿ ನಿಜವಾದ ನಷ್ಟವೆಂದು ಎಣಿಸಬೇಕಾದುದು ಇದನ್ನೇ. ಮಾರ್ಚ್ 2016ರಲ್ಲಿ ರಾಜ್ಯ ಸರ್ಕಾರ ಫ್ಲೆಕ್ಸನ್ನು ಪ್ಲಾಸ್ಟಿಕ್ ನಿಷೇಧದ ವ್ಯಾಪ್ತಿಗೆ ತಂದಿತು, 2018ರಲ್ಲಿ ಹೈಕೋರ್ಟು ನಗರದ ಫ್ಲೆಕ್ಸ್ ತೆರವಿಗೆ ಕಟ್ಟುನಿಟ್ಟಿನ ಸೂಚನೆ ನೀಡಿತು. ಅಷ್ಟರಲ್ಲಿ ಪೇಂಟರುಗಳ ಒಂದು ತಲೆಮಾರು ಬೇರೆ ಕೆಲಸ ಹಿಡಿದಾಗಿತ್ತು.

ಅಂತರಜಾಲ ಭಾರತದ ಸಾರ್ವಜನಿಕರಿಗೆ 1995ರ ಆಗಸ್ಟ್ 15ರಂದು ತೆರೆದುಕೊಂಡರೂ, ಸಣ್ಣ ವ್ಯಾಪಾರಿಗೆ ಅದರ ಬಾಗಿಲು ದೂರವೇ ಉಳಿಯಿತು. ಜಾಲತಾಣಕ್ಕೆ ಬೇಕಾದ ಮೊದಲ ವಸ್ತು ಡೊಮೇನ್, ಅಂದರೆ ಜಗತ್ತಿನಲ್ಲಿ ಒಬ್ಬರಿಗೆ ಮಾತ್ರ ಸಲ್ಲುವ ವಿಳಾಸನಾಮ. 2005ರ ಆರಂಭದಲ್ಲಿ ‘ಡಾಟ್ ಇನ್’ ನೋಂದಣಿಯ ನಿಯಮಗಳು ಸಡಿಲವಾಗುವ ತನಕ ದೇಶದಲ್ಲೆಲ್ಲ ಆ ಬಗೆಯ ಹೆಸರುಗಳು ಸುಮಾರು 7,000 ಮಾತ್ರ ಇದ್ದವು. ಬಳಿಕ ವಾರ್ಷಿಕ ಶುಲ್ಕ ಕಟ್ಟಿ ಯಾರು ಬೇಕಾದರೂ, ಮೊದಲು ಬಂದವರಿಗೆ ಮೊದಲು ಎಂಬ ಕ್ರಮದಲ್ಲಿ, ಹೆಸರು ಪಡೆಯುವಂತಾಯಿತು. ಬನಶಂಕರಿಯಲ್ಲೊಂದು, ಜೆ.ಪಿ. ನಗರದಲ್ಲೊಂದು, ಜಯನಗರದಲ್ಲೊಂದು ಇದ್ದ ಒಂದೇ ದೇವರ ಹೆಸರಿನ ಅಂಗಡಿಗಳಲ್ಲಿ ಆ ಹೆಸರು ಈಗ ಒಬ್ಬರಿಗಷ್ಟೇ ದಕ್ಕುತ್ತಿತ್ತು. ಉಳಿದವರು ಬಡಾವಣೆಯ ಹೆಸರನ್ನೋ ಅಂಕಿಯನ್ನೋ ಸೇರಿಸಬೇಕು, ಇಲ್ಲವೇ ರೋಮನ್ ಕಾಗುಣಿತವನ್ನು ತಿರುಚಬೇಕು.

ಲಿಪಿಯ ತೊಡಕು ಇದರ ಜೊತೆಗೆ ಸೇರಿಕೊಂಡಿತು. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ 1996ರಲ್ಲೇ ಅಂತರಜಾಲದಲ್ಲಿ ಕನ್ನಡ ಪತ್ರಿಕೆಯನ್ನು ಸಾಧ್ಯವಾಗಿಸಿತ್ತು. ಆದರೂ ಅಂದಿನ ಹೆಚ್ಚಿನ ಫಾಂಟುಗಳು, ಅಂದರೆ ಗಣಕದ ಅಕ್ಷರವಿನ್ಯಾಸಗಳು, ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಇರಿಸಿದ್ದವು. ಆ ಫಾಂಟಿಲ್ಲದ ಗಣಕದಲ್ಲಿ ಬರಹ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತಿತ್ತು. ಈ ಕಾರಣಕ್ಕೆ ಕನ್ನಡದ ಹೆಸರನ್ನು ಚಿತ್ರವಾಗಿ ಅಂಟಿಸುವುದು ಸುಲಭದ ದಾರಿಯಾಯಿತು, ಆದರೆ ಚಿತ್ರದೊಳಗಿನ ಹೆಸರನ್ನು ಅಂದಿನ ಹುಡುಕುಯಂತ್ರ ಓದಲಾರದು. ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡಿನಲ್ಲಿ ಕನ್ನಡ 1991ರಿಂದಲೇ ಇದ್ದರೂ, 2001ರ ವಿಂಡೋಸ್ ಎಕ್ಸ್‌ಪಿಯ ‘ತುಂಗಾ’ ಫಾಂಟಿನಿಂದ ಅದು ಮೇಜಿನ ಗಣಕಕ್ಕೂ, ಇನ್ನೂ ಹತ್ತು ವರ್ಷ ಕಳೆದು ಮೊಬೈಲಿಗೂ ತಲುಪಿತು. ಅಷ್ಟು ದೀರ್ಘ ಕಾಲ ಕನ್ನಡದ ಅಂಗಡಿಗಳು ಜಾಲದಲ್ಲಿ ರೋಮನ್ ವೇಷದಲ್ಲೇ ಇದ್ದವು.

ಬಡ ಬಂಡವಾಳಕ್ಕೆ ಉಚಿತ ಸೇವೆಗಳು ಆಸರೆಯಾದವು, ಅವುಗಳ ಆಯುಸ್ಸು ಮಾತ್ರ ವ್ಯಾಪಾರಿಯ ಕೈಯಲ್ಲಿರಲಿಲ್ಲ. ನವೆಂಬರ್ 2011ರಲ್ಲಿ ಗೂಗಲ್ ಭಾರತದ ಸಣ್ಣ ಉದ್ಯಮಗಳಿಗೆ ಒಂದು ವರ್ಷದ ಮಟ್ಟಿಗೆ ಡೊಮೇನನ್ನೂ ಜಾಲತಾಣವನ್ನೂ ಉಚಿತವಾಗಿ ಕೊಡುವ ಯೋಜನೆ ಆರಂಭಿಸಿತು. ಎರಡನೆಯ ವರ್ಷದ ಶುಲ್ಕ ಕಟ್ಟದವನ ವಿಳಾಸ ಕೈತಪ್ಪುತ್ತಿತ್ತು. ನಕ್ಷೆಯಲ್ಲಿನ ಅಂಗಡಿಯ ಗುರುತಿನೊಂದಿಗೆ ಆ ಸಂಸ್ಥೆ ಮುಂದೆ ಒದಗಿಸಿದ ಉಚಿತ ಪುಟಗಳನ್ನು 2024ರ ಮಾರ್ಚಿನಲ್ಲಿ ಮುಚ್ಚಿಬಿಟ್ಟಿತು. ಜನವರಿ 2018ರಲ್ಲಿ ಬಂದ ‘ವಾಟ್ಸಾಪ್ ಬಿಸಿನೆಸ್’ ಬೆಲೆಪಟ್ಟಿಯನ್ನೂ ಫೋನ್ ಸಂಖ್ಯೆಯನ್ನೂ ಒಂದೇ ಕಡೆ ಇರಿಸಿದ್ದರಿಂದ ಹಲವು ಕಿರಾಣಿ ಅಂಗಡಿಗಳಿಗೆ ಅದೇ ಜಾಲತಾಣವಾಯಿತು. ಅಲ್ಲಿನ ಪುಟ್ಟ ವೃತ್ತಾಕಾರದ ಚಿತ್ರದಲ್ಲಿ ಉದ್ದದ ಹೆಸರು ಹಿಡಿಸದೆ, ಒಂದು ಅಕ್ಷರದ ಲಾಂಛನ ಮೊದಲ ಬಾರಿಗೆ ಬಡಾವಣೆಯ ಅಂಗಡಿಗೂ ಅಗತ್ಯವೆನಿಸಿತು. ಕಾನೂನು ಕೂಡ ಅದೇ ಕಡೆಗೆ ಒಯ್ದಿತು: 1999ರ ಟ್ರೇಡ್ ಮಾರ್ಕ್ ಕಾಯ್ದೆಯಡಿ ವ್ಯಾಪಾರದಲ್ಲಿ ರೂಢಿಯಾದ ಮಾತುಗಳ ಮೇಲೆ ಒಬ್ಬರಿಗೇ ಹಕ್ಕು ಸಿಗುವುದು ಕಷ್ಟವಾದ್ದರಿಂದ, ‘ಬೇಕರಿ’ ಎಂಬ ಪದದ ಸುತ್ತ ತಾನೇ ಬರೆಸಿದ ಚಿತ್ರವನ್ನು ನೋಂದಾಯಿಸುವುದು ವ್ಯಾಪಾರಿಗೆ ಉಳಿದ ದಾರಿಯಾಯಿತು. 2017ರ ನಿಯಮಗಳಂತೆ ವ್ಯಕ್ತಿಗೆ ಅಥವಾ ಸಣ್ಣ ಉದ್ಯಮಕ್ಕೆ ಒಂದು ವರ್ಗದ ಸರಕಿಗೆ ಆನ್‌ಲೈನ್ ಶುಲ್ಕ 4,500 ರೂಪಾಯಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸಲ್ಲುತ್ತವೆ.

ಅಕ್ಷರವಿನ್ಯಾಸದ ಖರ್ಚು ಈ ನಡುವೆ ಇಳಿದಿದೆ. ಗುಬ್ಬಿ, ನವಿಲು, ಬಲೂ ತಮ್ಮ, ನೋಟೋ ಸಾನ್ಸ್ ಕನ್ನಡ ಮೊದಲಾದ ಮುಕ್ತ ಪರವಾನಗಿಯ ಫಾಂಟುಗಳನ್ನು ಬೋರ್ಡಿನಲ್ಲೂ ಜಾಲತಾಣದಲ್ಲೂ ಹಣ ಕೊಡದೆ ಬಳಸಬಹುದಾಗಿದೆ. ‘ಡಾಟ್ ಭಾರತ’ ಎಂಬ ಕನ್ನಡ ಲಿಪಿಯ ವಿಳಾಸವೂ ಈಗ ಇದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯು ನಾಮಫಲಕದ ಶೇ. 60ರಷ್ಟು ಭಾಗ ಕನ್ನಡದಲ್ಲಿರಬೇಕು, ಅದೂ ಮೇಲ್ಭಾಗದಲ್ಲಿರಬೇಕು ಎಂದು ವಿಧಿಸಿದ್ದರಿಂದ ಜಯನಗರದಿಂದ ಬಿ.ಟಿ.ಎಂ. ಲೇಔಟಿನವರೆಗೆ ಬೋರ್ಡುಗಳು ಮತ್ತೊಮ್ಮೆ ಬದಲಾದವು, ಒತ್ತಕ್ಷರಕ್ಕೆ ಜಾಗ ಹೊಂದಿಸುವ ಹಳೆಯ ಲೆಕ್ಕ ಮತ್ತೆ ವಿನ್ಯಾಸಗಾರರ ಮೇಜಿಗೆ ಬಂದಿತು. ಆ ನಿಯಮದ ಅಳತೆ ಅಂಗಡಿಯ ಹಣೆಯ ಮೇಲಿನ ಬೋರ್ಡಿಗೆ ಮಾತ್ರ ತಗಲುತ್ತದೆ. ಅದೇ ಅಂಗಡಿಯನ್ನು ಫೋನಿನ ನಕ್ಷೆಯಲ್ಲಿ ಹುಡುಕುವವನಿಗೆ ಹೆಸರು ಇಂದಿಗೂ ಬಹುಪಾಲು ರೋಮನ್ ಲಿಪಿಯಲ್ಲೇ ಸಿಗುತ್ತದೆ, ಅಲ್ಲಿ ಅದನ್ನು ಯೂನಿಕೋಡ್ ಕನ್ನಡದಲ್ಲಿ ಬರೆಯಲು ಒಂದು ಪೈಸೆಯ ಖರ್ಚೂ ಇಲ್ಲದಿದ್ದರೂ.