ಶ್ಯಾಡೋರನ್ ರಿಟರ್ನ್ಸ್
ಅಮೆರಿಕದ ಹೇರ್‌ಬ್ರೇನ್ಡ್ ಸ್ಕೀಮ್ಸ್ ಸಂಸ್ಥೆ 2013ರಲ್ಲಿ ಹೊರತಂದ ರೋಲ್‌ಪ್ಲೇಯಿಂಗ್ ವಿಡಿಯೊ ಗೇಮ್. ಇದರ ಜಗತ್ತು 1989ರ ಶ್ಯಾಡೋರನ್ ಎಂಬ ಮೇಜಿನ ಆಟದಿಂದ ಬಂದದ್ದು. ಎರಡರ ಹಿಂದೆಯೂ ಜೋರ್ಡನ್ ವೈಸ್‌ಮನ್ ಇದ್ದಾರೆ. ಈ ಜಗತ್ತಿನಲ್ಲಿ ಮಂತ್ರಶಕ್ತಿ ಭೂಮಿಗೆ ಮರಳಿದೆ. ದೈತ್ಯ ಕಂಪನಿಗಳ ಹಿಡಿತದ ನಗರಗಳಲ್ಲಿ ಎಲ್ಫ್, ಟ್ರೋಲ್ ಎಂಬ ಕಲ್ಪಿತ ಜನಾಂಗದವರು ಮನುಷ್ಯರ ನಡುವೆಯೇ ಬದುಕುತ್ತಾರೆ.

ಕಥೆ 2054ರ ಸಿಯಾಟಲ್ ನಗರದ್ದು. ಕೊಲೆಯಾದ ಹಳೆಯ ಗೆಳೆಯನ ಹಂತಕನನ್ನು ಹುಡುಕುವುದು ಆಟಗಾರನ ಕೆಲಸ. ಜಗತ್ತು ವಿಶಾಲವಾದರೂ ಕಥೆಯ ದಾರಿ ಒಂದೇ. ದೃಶ್ಯದ ಹಿಂದೆ ದೃಶ್ಯ ಗೊತ್ತುಪಡಿಸಿದ ಕ್ರಮದಲ್ಲೇ ಬರುತ್ತದೆ. ಬರ್ಲಿನ್‌ನಲ್ಲಿ ನಡೆಯುವ ಮುಂದಿನ ಆಟ ಡ್ರ್ಯಾಗನ್‌ಫಾಲ್ (2014) ಆಟಗಾರನ ಆಯ್ಕೆಗೆ ಹೆಚ್ಚು ಅವಕಾಶ ಕೊಟ್ಟಿತು.