ನೀರೊಳಗೆ ನಿಂತ ಕಲ್ಲು

ಗಿರಿನಗರ ಹೆಸರಿಗೆ ತಕ್ಕ ಊರು. ಇಲ್ಲಿ ಸಮವಾಗಿ ಸಾಗುವ ಬೀದಿ ಅಪರೂಪ. ಒಂದೋ ಹತ್ತಬೇಕು, ಇಲ್ಲವೆ ಇಳಿಯಬೇಕು. ನೆಲದ ಅಡಿಯಲ್ಲಿರುವುದು ಲಾಲ್‌ಬಾಗಿನ ಗುಡ್ಡದಲ್ಲಿ ತಲೆಯೆತ್ತಿರುವ ಕಲ್ಲಿನದೇ ವಂಶ, ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಅದೇ ಇಳಿಜಾರಿನಲ್ಲಿ ಕೆಳಗೆ ಸಾಗಿದರೆ ಹೊಸಕೆರೆಹಳ್ಳಿ. ಯಾವ ಕಾಲದಲ್ಲೋ ಯಾರೋ ‘ಹೊಸ ಕೆರೆ’ ಎಂದು ಕರೆದರು. ಕೆರೆ ಮುದಿಯಾದರೂ ಹೆಸರು ಮಾತ್ರ ಹೊಸದಾಗಿಯೇ ಉಳಿದಿದೆ. ಮೇಲೆ ಬಂಡೆ, ಕೆಳಗೆ ಹೂಳು. ಎರಡರ ನಡುವೆ ಸಂಜೆಯ ಒಂದು ನಡಿಗೆಯಷ್ಟೇ ದೂರ.

ಈ ಸಂಗತಿ ನೆನಪಾದದ್ದು ನನ್ನ ಸೋದರಳಿಯನ ದೆಸೆಯಿಂದ. ಅವನ ಹಳ್ಳಿಯವರು ಕೆರೆಯ ಅಂಚಿನಲ್ಲಿ, ನೀರಿನ ಮೇಲಕ್ಕೆ ಚಾಚಿದಂತೆ ಒಂದು ಜಗಲಿ ಕಟ್ಟಿಸಲು ಹೊರಟಿದ್ದಾರೆ. ಸಂಜೆ ಕುಳಿತುಕೊಳ್ಳಬೇಕು, ಹಬ್ಬದಲ್ಲಿ ತೆಪ್ಪವನ್ನು ತಂದು ನಿಲ್ಲಿಸಬೇಕು. “ಮಾವ, ದಡಕ್ಕೆ ಒಂದಷ್ಟು ಲಾರಿ ಮಣ್ಣು ಸುರಿದು, ಮೇಲೆ ಕಾಂಕ್ರೀಟು ಹಾಕಿಬಿಟ್ಟರೆ ಸಾಲದೆ?” ಎಂದು ಕೇಳಿದ. ನಾನು ಇಂಜಿನಿಯರನಲ್ಲ, ಹಳೆಯ ಶಾಸನಗಳನ್ನೂ ಹಳೆಯ ಕೆರೆಗಳನ್ನೂ ನೋಡುತ್ತ ಕಾಲ ಕಳೆದವನು. ಆದರೂ ನೀರಿನ ಅಂಚಿನಲ್ಲಿ ಪಾಯ ಹಾಕುವ ಪ್ರಶ್ನೆಯನ್ನು ನಮ್ಮ ಹಿರಿಯರು ಹೇಗೆ ಬಿಡಿಸಿದರೆಂಬುದನ್ನು ಅವನಿಗೆ ಹೇಳಬಲ್ಲೆನೆನಿಸಿತು.

ಕೆರೆಯ ಅಂಗಳದ ಮೇಲ್ಪದರ ಹೂಳು. ಮಳೆಯ ನೀರು ವರ್ಷವರ್ಷವೂ ಹೊತ್ತು ತಂದ ನುಣುಪು ಮಣ್ಣು ಅದು. ಗದ್ದೆಗೆ ಹಾಕಿದರೆ ಬಂಗಾರ, ಕಟ್ಟಡಕ್ಕೆ ಶತ್ರು. ಭಾರ ಬಿದ್ದಷ್ಟೂ ಕುಸಿಯುತ್ತದೆ, ಅದೂ ಒಂದೇ ಸಮನಾಗಿ ಕುಸಿಯುವುದಿಲ್ಲ. ಅದರ ಕೆಳಗೆ ಜೇಡಿ, ಅದಕ್ಕೂ ಕೆಳಗೆ ಗರಸು, ಕೊನೆಗೆ ಬಂಡೆ. ಹೂಳಿನ ಮೇಲೆ ಸುರಿದ ಮಣ್ಣು ನೀರು ತುಂಬಿದಾಗ ನೆನೆಯುತ್ತದೆ. ಬೇಸಗೆಯಲ್ಲಿ ನೀರು ಇಳಿದಾಗ, ಹೊರಗಿನಿಂದ ಅದನ್ನು ಒತ್ತಿ ಹಿಡಿದಿದ್ದ ಬಲ ತಪ್ಪುತ್ತದೆ. ಒಳಗಿನ ನೀರು ಮಾತ್ರ ಅಷ್ಟು ಬೇಗ ಹೊರಡದು. ಆಗ ದಡ ಜಾರುತ್ತದೆ. ಕೆರೆ ತುಂಬಿದ್ದಾಗ ಗಟ್ಟಿಯಾಗಿದ್ದ ಕಟ್ಟೆ ಒಣಗಿದ ಮೇಲೆ ಬಿರಿಯುವುದನ್ನು ಕಂಡು ಜನ ಬೆರಗಾಗುತ್ತಾರೆ. ಬೆರಗಿಗೆ ಕಾರಣವೇನೂ ಇಲ್ಲ.

ಹಿಂದಿನವರು ನೀರಿನೊಳಗೆ ನಿಲ್ಲಿಸಿದ ಕಟ್ಟಡ ಯಾವುದೆಂದರೆ, ತೂಬು. ಮೈಸೂರು ಸೀಮೆಯ ಯಾವ ಹಳೆಯ ಕೆರೆಯ ಏರಿಯ ಮೇಲೆ ನಿಂತರೂ ಒಳಗಡೆ ಎರಡು ಎತ್ತರದ ಕಲ್ಲುಕಂಬಗಳು ಕಾಣಬಹುದು. ಅವನ್ನು ಬಿಗಿದ ಅಡ್ಡಗಲ್ಲುಗಳ ನಡುವೆ ತೂತು. ತೂತಿನಲ್ಲಿ ಇಳಿದ ಮರದ ಗಳು. ಗಳುವಿನ ತುದಿಯ ಬೆಣೆ ತಳದ ಕಂಡಿಯನ್ನು ಮುಚ್ಚುತ್ತದೆ. ನೀರುಗಂಟಿ ಕೆಲವೆಡೆ ಕಲ್ಲುಚಪ್ಪಡಿಯ ಮೇಲೆ ನಡೆದು, ಕೆಲವೆಡೆ ಈಜಿ ಹೋಗಿ, ಅದನ್ನು ಎತ್ತಬೇಕು. ಈ ಕಂಬಗಳು ಹೂಳಿನ ಮೇಲೆ ಊರಿದವಲ್ಲ. ಕೆರೆಯಲ್ಲಿ ನೀರು ನಿಲ್ಲುವ ಮೊದಲೇ, ಏರಿ ಏಳುವ ಮೊದಲೇ, ಒಣ ನೆಲವನ್ನು ಗಟ್ಟಿಯವರೆಗೆ ಬಗೆದು ಚಪ್ಪಡಿ ಹಾಸಿ, ಕಾಲುವೆಯ ಕಂಡಿಯನ್ನು ಕಟ್ಟಿ, ಸುತ್ತ ಜೇಡಿ ತುಂಬಿ ಮಿದಿಯುತ್ತಿದ್ದರು. ಬಳಿಕ ಬಂದ ಹೂಳು ಕಂಬಗಳ ಕಾಲನ್ನು ಮುಚ್ಚಿತೇ ಹೊರತು ಅವನ್ನು ಹೊರಲಿಲ್ಲ. ಇದನ್ನು ಮಾಡಿದವರು ಒಡ್ಡರು. ಶಾಸನಗಳಲ್ಲಿ ರಾಜನ ಹೆಸರಿರುತ್ತದೆ, ಅವರದಿರುವುದು ವಿರಳ. ಕೆರೆಯನ್ನು ಕಟ್ಟಿದವರಿಗೂ ಕಾಪಾಡುವವರಿಗೂ ಬಿಟ್ಟ ಭೂಮಿಗೆ ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಹೆಸರುಗಳಿದ್ದವು. ಕಟ್ಟುವುದಷ್ಟೇ ಅಲ್ಲ, ಕಾಯುವುದೂ ಲೆಕ್ಕದಲ್ಲಿತ್ತು.

ನೆಲವನ್ನು ಆರಿಸುವ ವಿದ್ಯೆ ಶಾಸ್ತ್ರವಾಗಿಯೂ ಬೆಳೆದಿತ್ತು. ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ, ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯ ಬಳಿ 1369ರ ಸಂಸ್ಕೃತ ಶಾಸನವೊಂದಿದೆ. ದಿನಕ್ಕೆ 1000 ಆಳು, 100 ಬಂಡಿ, ಎರಡು ವರ್ಷದ ಕೆಲಸ ಎಂದು ಅದು ಹೇಳುತ್ತದೆ. ಕೆರೆಗೆ 12 ಅಂಗಗಳು, 6 ದೋಷಗಳು. ಜಲಶಾಸ್ತ್ರ ಬಲ್ಲ ಬ್ರಾಹ್ಮಣನ ಬೆನ್ನಿಗೇ ಗಟ್ಟಿ ಜೇಡಿಯ ನೆಲ ಬರುತ್ತದೆ. ನೀಳವಾದ ನೇರ ಕಲ್ಲು ಸಿಕ್ಕುವ ಗಣಿ, ಕಟ್ಟುವುದರಲ್ಲಿ ನುರಿತ ಜನ, ಇವೂ ಅಂಗಗಳೇ. ದೋಷಗಳಲ್ಲಿ ಮೊದಲನೆಯದು ಏರಿಯಿಂದ ನೀರು ಜಿನುಗುವುದು, ಆಮೇಲೆ ಸವುಳು ನೆಲ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷವೇ! ಈ ಪಟ್ಟಿ ಬರೆದವನು ಮಣ್ಣನ್ನೂ ಬಲ್ಲವನು, ಮನುಷ್ಯರನ್ನೂ ಬಲ್ಲವನು.

ಶಾಸ್ತ್ರವಿದ್ದರೂ ಪಾಯ ಕೈಕೊಡುವುದುಂಟು. ಕೈಕೊಟ್ಟಾಗ ಬೆಲೆ ತೆತ್ತವರು ಯಾರು? ಕೃಷ್ಣದೇವರಾಯನು ಹೊಸಪೇಟೆಯ ಹತ್ತಿರ ಕಟ್ಟಿಸಿದ ಕೆರೆಯ ಕಥೆಯನ್ನು ಇಬ್ಬರು ಪೋರ್ಚುಗೀಸರು ಬರೆದಿಟ್ಟಿದ್ದಾರೆ. ಊರಿನ ದಕ್ಷಿಣಕ್ಕೆ ಎರಡು ಗುಡ್ಡಗಳ ನಡುವಿನ ದೊಡ್ಡ ಏರಿ ಅದೇ ಎಂದು ವಿದ್ವಾಂಸರ ಮತ. 1520ರ ಸುಮಾರಿಗೆ ಬಂದ ಪಾಯಸ್ ಅಲ್ಲಿ 15-20 ಸಾವಿರ ಜನ ಇರುವೆಗಳಂತೆ ದುಡಿಯುವುದನ್ನು ಕಂಡ. ಕೆರೆ ಎರಡು ಮೂರು ಸಲ ಒಡೆಯಿತು. ಮುಂದೆ 1535ರ ಸುಮಾರಿಗೆ ಬರೆದ ನೂನಿಜ್, ಕಣಿವೆಗೆ ದೊಡ್ಡ ದೊಡ್ಡ ಬಂಡೆಗಳನ್ನು ಉರುಳಿಸಿದರೂ ಹಗಲು ಮಾಡಿದ್ದು ಇರುಳಿಗೆ ಹಾಳಾಗುತ್ತಿತ್ತು ಎನ್ನುತ್ತಾನೆ. ತಿಳಿದವರನ್ನು ಕೇಳಿದಾಗ ದೇವರಿಗೆ ಬಲಿ ಬೇಕೆಂದರು. ಪಾಯಸನ ಪ್ರಕಾರ 60 ಮಂದಿಯ ತಲೆ, ಜತೆಗೆ ಕುದುರೆ, ಕೋಣಗಳು. ನೂನಿಜನ ಪ್ರಕಾರ ಕೊಂದದ್ದು ಮರಣಕ್ಕೆ ಅರ್ಹರಾದ ಸೆರೆಯಾಳುಗಳನ್ನು. ಆಮೇಲೆ ಕೆಲಸ ಸಾಗಿತಂತೆ.

ಅದೇ ನೂನಿಜ್ ಇನ್ನೊಂದು ಮಾತನ್ನೂ ಹೇಳುತ್ತಾನೆ. ಗೋವೆಯ ಕಡೆಯಿಂದ ಬಂದ ಜೋಯೋ ಡೆ ಲಾ ಪೋಂಟೆ ಎಂಬ ಕಲ್ಲುಕೆಲಸದವನು ಸುಣ್ಣ ಸಿದ್ಧಮಾಡಿಸಿರೆಂದಾಗ ದೊರೆ ನಕ್ಕನಂತೆ, ಈ ಸೀಮೆಯಲ್ಲಿ ಮನೆ ಕಟ್ಟಲು ಸುಣ್ಣ ಬಳಸುವುದನ್ನು ಅರಿಯರು ಎಂಬುದು ನೂನಿಜನ ವಿವರಣೆ. ಹಂಪೆಯ ಗಾರೆಗೋಪುರಗಳನ್ನು ನೋಡಿದ ಯಾರೂ ಇದನ್ನು ಹಾಗೆಯೇ ನಂಬಲಾರರು. ಪರದೇಶಿಯ ಜಂಬವನ್ನು ಅದರಿಂದ ಕಳೆಯಬೇಕು. ಆದರೆ ಒಂದು ಸಂಗತಿ ಉಳಿಯುತ್ತದೆ. ಹರಿಯುವ ನೀರಿನ ದಾರಿಯಲ್ಲಿ ಬಂಡೆ ಸುರಿದರೆ ಅದು ಪಾಯವಾಗದು. ಬಂಡೆಗೆ ಬಂಡೆ ಕಚ್ಚಬೇಕು, ಅಡಿಯ ನೆಲ ಅದನ್ನು ಹಿಡಿಯಬೇಕು. ನಮ್ಮ ಹಳ್ಳಿಗಳು ‘ಕೆರೆಗೆ ಹಾರ’ದ ಭಾಗೀರಥಿಯನ್ನು ಮರೆತಿಲ್ಲ. ಅಲ್ಲಿ ನೀರು ಬಾರದ್ದು, ಇಲ್ಲಿ ಕಟ್ಟೆ ನಿಲ್ಲದ್ದು; ಎರಡೂ ಕಡೆ ಲೆಕ್ಕ ತಪ್ಪಿದ್ದು ಒಬ್ಬರದು, ಕೊರಳು ಕೊಟ್ಟದ್ದು ಇನ್ನೊಬ್ಬರದು.

ನೀರನ್ನು ತಡೆಯದೆ ನೀರಿನಲ್ಲಿ ನಿಲ್ಲುವ ಉಪಾಯಕ್ಕೆ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯನ್ನು ನೋಡಬೇಕು. ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ 1804ಕ್ಕೆ ಮುಗಿದದ್ದು. ಕಲ್ಲಿನ ಕಂಬ, ಅದರ ಮೇಲೆ ಕಲ್ಲಿನ ಬೋದಿಗೆ, ಅದರ ಮೇಲೆ ಕಲ್ಲಿನ ತೊಲೆ. ದೇವಸ್ಥಾನದ ಮಂಟಪವನ್ನು ಹೊಳೆಯಲ್ಲಿ ನಿಲ್ಲಿಸಿದಂತೆ. ಕಾವೇರಿಯ ಬಂಡೆಯ ಪಾತ್ರವೇ ಅದಕ್ಕೆ ಪಾಯ. ಎಷ್ಟೋ ಪ್ರವಾಹಗಳನ್ನು ಅದು ಕಂಡಿದೆ. ಬಂಡೆ ಕೈಗೆ ಸಿಕ್ಕದ ಕಡೆ ಬೇರೆ ದಾರಿ ಹಿಡಿಯಬೇಕು. ವೆನಿಸ್ ನಗರದವರು ಕೆಸರಿನಲ್ಲಿ ಮರದ ಗೂಟಗಳನ್ನು ಹೊಡೆದು ಅರಮನೆಗಳನ್ನು ನಿಲ್ಲಿಸಿದರು. ಸದಾ ನೀರಿನಡಿ ಮುಳುಗಿದ ಮರ ಬೇಗ ಕೊಳೆಯದು, ನೀರು ಏರಿಳಿಯುವ ಮಟ್ಟದಲ್ಲಿ ಮಾತ್ರ ಬಲುಬೇಗ ಕೊಳೆಯುತ್ತದೆ. ಏರಿಳಿತವೇ ಸ್ವಭಾವವಾದ ನಮ್ಮ ಕೆರೆಗಳಿಗೆ ಆದ್ದರಿಂದ ಮರದ ಗೂಟ ಹೊಂದದು. ಉತ್ತರದಲ್ಲಿ ಬಾವಿಯ ಪಾಯ ಹಳೆಯ ಪದ್ಧತಿ: ಇಟ್ಟಿಗೆಯ ಬಾವಿಗೋಡೆಯನ್ನು ನೆಲದ ಮೇಲೆ ಕಟ್ಟಿ, ಒಳಗಿನ ಮಣ್ಣನ್ನು ತೋಡುತ್ತ ಹೋದರೆ, ಗೋಡೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ರೂರ್ಕಿಯಲ್ಲಿ ಗಂಗಾ ಕಾಲುವೆಯನ್ನು ಸೋಲಾನಿ ನದಿಯ ಮೇಲೆ ದಾಟಿಸಿದ, 1854ರಲ್ಲಿ ತೆರೆದ ಮೇಲ್ಗಾಲುವೆ ಇಂಥ ಬಾವಿಗಳ ಮೇಲೆಯೇ ನಿಂತಿದೆ.

ಇನ್ನು ಲೆಕ್ಕ. ಸೋದರಳಿಯನ ಜಗಲಿ 60 ಅಡಿ ಉದ್ದ, 20 ಅಡಿ ಅಗಲ. ಅಲ್ಲಿ ನೀರು 6 ಅಡಿ. ಮಣ್ಣು ತುಂಬಿದರೆ ಕೆರೆಯಿಂದ 7200 ಘನ ಅಡಿ ಹೋಯಿತು, ಎಂದರೆ ಸುಮಾರು ಎರಡು ಲಕ್ಷ ಲೀಟರು ನೀರಿನ ಎಡೆ. ಒಂದಡಿ ಚೌಕದ ಹತ್ತು ಕಂಬಗಳು ನುಂಗುವುದು ಬರಿಯ 60 ಘನ ಅಡಿ. ಒಂದು ಜಗಲಿಯಿಂದ ಕೆರೆ ಸಾಯುವುದಿಲ್ಲ, ನಿಜ. ಆದರೆ ತುಂಬಿಸುವ ಚಾಳಿ ಒಂದಕ್ಕೆ ನಿಲ್ಲುವುದೂ ಇಲ್ಲ. ಬೆಂಗಳೂರಿನ ಧರ್ಮಾಂಬುಧಿಯ ಅಂಗಳದಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಎಡೆ ಕಳೆದುಕೊಂಡ ಮಳೆನೀರು ತಗ್ಗಿನ ಮನೆಗಳ ಹೊಸ್ತಿಲು ದಾಟುತ್ತದೆ. ಕೆರೆಯನ್ನು ತುಂಬಿಸಿದವರು ಆ ತಗ್ಗಿನಲ್ಲಿ ವಾಸವಾಗಿರುವುದು ಕಡಮೆ.

ಸೋದರಳಿಯನಿಗೆ ನಾನು ಹೇಳಿದ್ದು ಇಷ್ಟು: ಬೇಸಗೆಯ ತನಕ ಕಾಯಿ, ನೀರು ಹಿಂದೆ ಸರಿದಾಗ ನಾಲ್ಕು ಕಡೆ ಗುಂಡಿ ತೋಡಿಸಿ ಗರಸು ಎಷ್ಟು ಆಳಕ್ಕೆ ಸಿಕ್ಕುತ್ತದೆಂದು ನೋಡು, ಅಲ್ಲಿಂದ ಕಂಬ ಎಬ್ಬಿಸಲು ತಿಳಿದ ಇಂಜಿನಿಯರೊಬ್ಬರನ್ನು ಹಿಡಿ, ಏರಿಗೂ ತೂಬಿಗೂ ಕೋಡಿಗೂ ಗುದ್ದಲಿ ತಾಗಿಸಬೇಡ. “ಕಾಯಲು ಊರವರು ಒಪ್ಪಬೇಕಲ್ಲ, ಮಾವ” ಎಂದ. ಮೊನ್ನೆ ಕಾಗದ ಬಂದಿದೆ. ಮೂರು ಗುಂಡಿಗಳಲ್ಲಿ ಐದಡಿಗೆ ಗರಸು ಸಿಕ್ಕಿದೆಯಂತೆ. ನಾಲ್ಕನೆಯದರಲ್ಲಿ ಇನ್ನೂ ಹೂಳೇ ಬರುತ್ತಿದೆಯಂತೆ.