ಕರ್ತನೇ ಕರುಣಿಸು: ಒಂದು ಮೊರೆಯ ಚರಿತ್ರೆ

ಕ್ರಿ.ಶ. 589ರಲ್ಲಿ ಟೈಬರ್ ನದಿ ಉಕ್ಕಿ ರೋಮ್ ನಗರಕ್ಕೆ ನುಗ್ಗಿತು. ನೆರೆಯ ಬೆನ್ನಿಗೇ ಪ್ಲೇಗು ಬಂತು. ಮರುವರ್ಷದ ಆರಂಭದಲ್ಲಿ ಪೋಪ್ ಎರಡನೇ ಪೆಲಾಜಿಯಸ್ ಅದಕ್ಕೆ ಬಲಿಯಾದರು. ಅವರ ಪೀಠಕ್ಕೆ ಆಯ್ಕೆಯಾಗಿದ್ದ ಗ್ರೆಗರಿ ಇನ್ನೂ ದೀಕ್ಷೆ ಪಡೆಯುವ ಮೊದಲೇ ಊರಿನ ಜನರನ್ನು ಏಳು ಗುಂಪು ಮಾಡಿದರು. ಯಾಜಕರು, ಸನ್ಯಾಸಿಗಳು, ಸನ್ಯಾಸಿನಿಯರು, ಮಕ್ಕಳು, ಗಂಡಸರು, ವಿಧವೆಯರು, ಗೃಹಿಣಿಯರು ಬೇರೆಬೇರೆ ಚರ್ಚುಗಳಿಂದ ಹೊರಟರು. ಎಲ್ಲರ ಬಾಯಲ್ಲೂ ಒಂದೇ ಗ್ರೀಕ್ ಮೊರೆ: ಕಿರಿಯೇ ಎಲೈಸೋನ್, ಕರ್ತನೇ ಕರುಣಿಸು. ಆ ಮೆರವಣಿಗೆಯಲ್ಲೇ ಎಂಬತ್ತು ಜನ ಕುಸಿದು ಸತ್ತರೆಂದು ತೂರ್ ನಗರದ ಬಿಷಪ್, ಇನ್ನೊಬ್ಬ ಗ್ರೆಗರಿ, ಬರೆದಿಟ್ಟಿದ್ದಾನೆ. ಪ್ಲೇಗು ನಿಂತಿತೆಂಬ ಸೂಚನೆಯಾಗಿ ದೇವದೂತನೊಬ್ಬ ನಗರದ ಕೋಟೆಯೊಂದರ ಮೇಲೆ ನಿಂತು ಕತ್ತಿಯನ್ನು ಒರೆಗೆ ಸೇರಿಸಿದನೆಂಬ ಕಥೆ ಶತಮಾನಗಳ ಅನಂತರ ಸೇರಿಕೊಂಡಿತು. ಸಮಕಾಲೀನನ ಲೆಕ್ಕದಲ್ಲಿ ಇರುವುದು ಹೆಣಗಳು ಮಾತ್ರ.

ಮೊರೆ ಅದಕ್ಕಿಂತ ಹಳೆಯದು. ಬೈಬಲಿನ 150 ಕೀರ್ತನೆಗಳಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಅಳಲಿನವು. ಯೆರಿಕೋವಿನ ದಾರಿಬದಿಯ ಕುರುಡ ಬಾರ್ತಿಮಾಯ ಯೇಸುವನ್ನು ಕೂಗಿ ಕರೆದದ್ದೂ ಕರುಣೆಗಾಗಿಯೇ. ಈ ಪುಟ್ಟ ಮೊರೆ ಎರಡು ಸಾವಿರ ವರ್ಷಗಳಲ್ಲಿ ಹೆಚ್ಚೇನೂ ಬದಲಾಗಿಲ್ಲ. ಬದಲಾಗುತ್ತ ಬಂದದ್ದು ಕಷ್ಟ ಯಾಕೆ ಬಂತು ಎಂಬುದಕ್ಕೆ ಭಕ್ತರು ಕೊಟ್ಟುಕೊಂಡ ಉತ್ತರ.

ಆರಂಭದ ಉತ್ತರ ಸರಳ: ಪಾಪಕ್ಕೆ ಶಿಕ್ಷೆ. ಸುಮಾರು 470ರಲ್ಲಿ ಗಾಲ್ ನಾಡಿನ ವಿಯೆನ್ ಪಟ್ಟಣವನ್ನು ಭೂಕಂಪವೂ ಬೆಂಕಿಯೂ ಕಾಡಿದಾಗ ಬಿಷಪ್ ಮಾಮೆರ್ಟಸ್ ಸ್ವರ್ಗಾರೋಹಣ ಹಬ್ಬಕ್ಕೆ ಮುಂಚಿನ ಮೂರು ದಿನ ಉಪವಾಸ, ಮೆರವಣಿಗೆ ಗೊತ್ತುಮಾಡಿದ. 511ರ ಓರ್ಲಿಯಾನ್ ಸಭೆ ಅದನ್ನು ಗಾಲ್ ನಾಡಿಗೆಲ್ಲ ವಿಧಿಸಿತು. ಸಿಲೋವಾಮಿನ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ದೊಡ್ಡ ಪಾಪಿಗಳೇನಲ್ಲ ಎಂದು ಯೇಸುವೇ ಹೇಳಿದ್ದು ಲೂಕನ ಸುವಾರ್ತೆಯಲ್ಲಿದೆ. ಆ ಮಾತು ಬಹುಕಾಲ ಯಾರ ಕಿವಿಗೂ ಬಿದ್ದಂತೆ ಕಾಣುವುದಿಲ್ಲ.

ಪಾಪಕ್ಕೆ ಶಿಕ್ಷೆ ಎಂಬ ಉತ್ತರದ ಬೆಲೆ ಗೊತ್ತಾದದ್ದು 1348-49ರ ಮಹಾಮಾರಿಯಲ್ಲಿ. ಶಿಕ್ಷೆಯಾಗಿದ್ದರೆ ಅಪರಾಧಿ ಬೇಕಲ್ಲ! ಒಂದೆಡೆ ಜನ ಬೀದಿಯಲ್ಲಿ ತಮ್ಮ ಬೆನ್ನಿಗೆ ತಾವೇ ಚಾಟಿ ಬೀಸಿಕೊಂಡರು. ಇನ್ನೊಂದೆಡೆ ಬಾವಿಗೆ ವಿಷ ಹಾಕಿದರೆಂಬ ಆರೋಪ ಹೊರಿಸಿ ಸ್ಟ್ರಾಸ್‌ಬರ್ಗ್ ಮುಂತಾದ ಕಡೆ ಯಹೂದಿಗಳನ್ನು ಸುಟ್ಟರು. ಪೋಪ್ ಆರನೇ ಕ್ಲೆಮೆಂಟ್ ಎರಡನ್ನೂ ಖಂಡಿಸಿದರು. ರೋಗ ಯಹೂದಿಗಳನ್ನೂ ಕೊಲ್ಲುತ್ತಿದೆಯಲ್ಲ ಎಂಬ ಅವರ ವಾದಕ್ಕೆ ಉತ್ತರವಿರಲಿಲ್ಲ, ಕೇಳುವವರೂ ಹೆಚ್ಚಿರಲಿಲ್ಲ.

1527ರಲ್ಲಿ ವಿಟೆನ್‌ಬರ್ಗ್‌ಗೆ ಪ್ಲೇಗು ಬಂದಾಗ ಮಾರ್ಟಿನ್ ಲೂಥರ್ ಊರು ಬಿಡಲಿಲ್ಲ. ಆಗ ಬರೆದ ಬಹಿರಂಗ ಪತ್ರದಲ್ಲಿ ಅವರ ಕ್ರಮ ಸ್ಪಷ್ಟ: ಮೊದಲು ದೇವರ ಕರುಣೆ ಬೇಡುವುದು, ಆಮೇಲೆ ಮನೆಗೆ ಹೊಗೆ ಹಾಕುವುದು, ಔಷಧಿ ತೆಗೆದುಕೊಳ್ಳುವುದು, ಅಗತ್ಯವಿಲ್ಲದ ಕಡೆ ಸುಳಿಯದಿರುವುದು. ಔಷಧಿ ಬಿಟ್ಟು ಬರೀ ನಂಬಿಕೆ ಮೆರೆಯುವುದು ದೇವರನ್ನು ಪರೀಕ್ಷಿಸಿದಂತೆ ಎಂದರು. ಇಡೀ ಚರಿತ್ರೆಯಲ್ಲಿ ಇಷ್ಟು ವಿವೇಕದ ಪುಟಗಳು ವಿರಳ.

ಈ ವಿವೇಕ ಎಲ್ಲರಿಗೂ ದಕ್ಕಲಿಲ್ಲ. 1630ರ ಪ್ಲೇಗಿನಲ್ಲಿ ಮಿಲಾನಿನ ಕಾರ್ಡಿನಲ್ ಫೆಡೆರಿಗೊ ಬೊರ್ರೊಮೆಯೊ, ಗುಂಪು ಸೇರಿದರೆ ರೋಗ ಹಬ್ಬೀತೆಂದು ಮೆರವಣಿಗೆಗೆ ಮೊದಲು ಒಪ್ಪಲಿಲ್ಲ. ಜನರ ಒತ್ತಾಯಕ್ಕೆ ಮಣಿದು ಜೂನ್ 11ರಂದು ಸಂತ ಚಾರ್ಲ್ಸ್‌ರ ದೇಹವನ್ನು ಊರೆಲ್ಲ ಹೊರಿಸಿದರು. ಅನಂತರ ಸಾವು ಏರಿದ್ದನ್ನು ಕಾದಂಬರಿಕಾರ ಮಾಂಜೋನಿ ವಿಸ್ತಾರವಾಗಿ ಬರೆದಿದ್ದಾನೆ.

ಮೊರೆ ಬೇರೆ ಭಾಷೆಗಳಿಗೂ ದಾಟಿತು. ಕನ್ನಡಕ್ಕೆ ಬೈಬಲಿನ ಆ ಅಳಲಿನ ಕೀರ್ತನೆಗಳು ಇಡಿಯಾಗಿ ದೊರೆತದ್ದು 1831ರಲ್ಲಿ, ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ದುಡಿದು ಪೂರ್ಣ ಬೈಬಲನ್ನು ಹೊರತಂದಾಗ. ಕಥೋಲಿಕರ ಬಲಿಪೂಜೆ ಲ್ಯಾಟಿನ್ ಬಿಟ್ಟು ಕನ್ನಡ, ಕೊಂಕಣಿಗೆ ಬಂದದ್ದು ಎರಡನೇ ವ್ಯಾಟಿಕನ್ ಸಭೆಯ ಬಳಿಕ, 1960ರ ದಶಕದಲ್ಲಿ.

ಇಪ್ಪತ್ತನೇ ಶತಮಾನದಲ್ಲಿ ಮೊರೆ ಬೀದಿಯಿಂದ ಜಪಮಣಿಗೆ ಸರಿಯಿತು. ಪೋಲೆಂಡಿನ ಸನ್ಯಾಸಿನಿ ಫೌಸ್ಟೀನಾ ಕೊವಾಲ್ಸ್ಕಾ 1931ರಿಂದ ಕಂಡು, ಮುಂದೆ ದಾಖಲಿಸಿದ ದರ್ಶನಗಳಿಂದ ದೈವಕರುಣೆಯ ಜಪಸರ ಹುಟ್ಟಿತು. 1959ರಲ್ಲಿ ವ್ಯಾಟಿಕನ್ ಅದರ ಪ್ರಚಾರವನ್ನು ತಡೆದು, 1978ರಲ್ಲಿ ತಡೆ ತೆಗೆಯಿತು. 2000ದಲ್ಲಿ ಆಕೆ ಸಂತಳಾದಳು. ಇಂದು ಮಧ್ಯಾಹ್ನ ಮೂರಕ್ಕೆ ಆ ಜಪ ಹೇಳುವವರು ಮಂಗಳೂರಿನಲ್ಲೂ ಇದ್ದಾರೆ. ಬೇಡುವುದಷ್ಟೇ ಸಾಲದು ಎಂಬ ದನಿಯೂ ಉಂಟು: ಅಮೆರಿಕದ ವಿದ್ವಾಂಸ ವಾಲ್ಟರ್ ಬ್ರೂಗ್ಮನ್ 1986ರ ಲೇಖನದಲ್ಲಿ, ದೂರುವ ಕೀರ್ತನೆಗಳನ್ನು ಕೈಬಿಟ್ಟ ಸಭೆ ಅನ್ಯಾಯವನ್ನು ಪ್ರಶ್ನಿಸುವ ಶಕ್ತಿಯನ್ನೂ ಕಳೆದುಕೊಂಡಿತು ಎಂದು ವಾದಿಸಿದರು.

ಕೊರೊನಾ ಹಬ್ಬಿದ್ದ 2020ರ ಮಾರ್ಚ್ 27ರ ಸಂಜೆ, ಮಳೆಯಲ್ಲಿ, ಖಾಲಿ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಪ್ರಾರ್ಥಿಸಿದರು. ಪಕ್ಕದಲ್ಲಿ 1522ರ ಪ್ಲೇಗಿನಲ್ಲಿ ರೋಮಿನ ಬೀದಿ ಸುತ್ತಿದ್ದ ಶಿಲುಬೆಯಿತ್ತು. ಇದು ದೇವರು ತೀರ್ಪು ಕೊಡುವ ಹೊತ್ತಲ್ಲ, ಮುಖ್ಯವಾದದ್ದು ಯಾವುದೆಂದು ನಾವು ತೀರ್ಮಾನಿಸುವ ಹೊತ್ತು ಎಂದರು. ಗ್ರೆಗರಿಯ ಪೀಠದಿಂದಲೇ ಈ ಮಾತು ಬಂದದ್ದು ಸಣ್ಣ ಸಂಗತಿಯಲ್ಲ.

ಬವೇರಿಯಾದ ಓಬರಾಮರ್ಗೌ ಹಳ್ಳಿಯವರು 1633ರಲ್ಲಿ ಪ್ಲೇಗು ನಿಂತರೆ ಯೇಸುವಿನ ಯಾತನೆಯ ನಾಟಕವಾಡುತ್ತೇವೆಂದು ಹರಕೆ ಹೊತ್ತಿದ್ದರು. ಹತ್ತು ವರ್ಷಕ್ಕೊಮ್ಮೆ ತೀರಿಸುತ್ತ ಬಂದಿದ್ದಾರೆ. 2020ರ ಪ್ರದರ್ಶನವನ್ನು ಕೊರೊನಾ ನಿಲ್ಲಿಸಿತು. ಹಳ್ಳಿಯು ಸರ್ಕಾರದ ನಿಯಮಕ್ಕೆ ತಲೆಬಾಗಿ ಎರಡು ವರ್ಷ ಕಾದು, 2022ರ ಮೇ ತಿಂಗಳಲ್ಲಿ ಹರಕೆಯ ನಾಟಕವನ್ನು ರಂಗಕ್ಕೆ ತಂದಿತು.